ಕಾಕಾ ಉಗುರು ಹಾಕದ ಮೂಲೆ

ಭೂಪಾಲ ಕಾಕಾ ದಿನಾಲೂ ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆಗೆ ಹೋಗುತ್ತಿದ್ದರು. ಅವರು ಜೈನರು; ದೀಪ ಹಚ್ಚಿದ ಮೇಲೆ ಉಣ್ಣುವುದಿಲ್ಲ. ಗೋಕಾಕದ ಅಂಚಿನಲ್ಲಿದ್ದ ಅವರ ಲೇತ್ ವರ್ಕ್‌ಶಾಪಿನಲ್ಲಿ ಆ ಮುಕ್ಕಾಲು ಗಂಟೆ ನಾನೊಬ್ಬಳೇ ಇರುತ್ತಿದ್ದೆ. ನಮ್ಮೂರು ಮಮದಾಪುರದ ಟೆಂಪೋ ಬರುವವರೆಗೆ ಕಬ್ಬಿಣದ ಸುರುಳಿಗಳನ್ನು ಗುಡಿಸಿ, ಹತ್ಯಾರಗಳನ್ನು ಒರೆಸಿ ಇಡುವುದು ನನ್ನ ಕೆಲಸ. ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ, ಅಂಥ ಒಂದು ಮುಕ್ಕಾಲು ಗಂಟೆಯಲ್ಲಿ ನಾನು ಮಾಡಿದ ಕೆಲಸ ಒಬ್ಬ ಹುಡುಗಿಯ ಜೀವ ತೆಗೆಯುವುದರಲ್ಲಿತ್ತು. ಕೆಲಸ ಒರಟಾಗಿರಲಿಲ್ಲ. ಅಲ್ಲಿಯವರೆಗೆ ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಆಗಿರಲೇ ಇಲ್ಲ.

ನನ್ನ ಹೆಸರು ಫಕೀರವ್ವ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಹಿಂಡು ಹೊಡೆದುಕೊಂಡು ಹೋಗುವಾಗ ಮರಿಗಳ ಹಿಂದೆ ಒಬ್ಬರು ಬೇಕಿತ್ತು, ಹಾಗಾಗಿ ಏಳನೇ ಇಯತ್ತೆಯ ನಡುವೆಯೇ ಸಾಲೆ ಬಿಟ್ಟೆ. ಹಿಂಡು ಸಣ್ಣದಾದ ಮೇಲೆ ಅವ್ವ ನನ್ನನ್ನು ಕಾಕಾರಲ್ಲಿ ಕಸ ಗುಡಿಸಲು ಹಚ್ಚಿದಳು. ಜನರೆದುರು ನನಗೆ ಬಾಯಿ ಬರುವುದಿಲ್ಲ. ಏನನ್ನೂ ಕೇಳದೆ, ನೋಡಿಯೇ ತಿಳಿದುಕೊಳ್ಳುವುದು ರೂಢಿಯಾಗಿತ್ತು.

ಕಾಕಾರಿಗೆ ಮೈಕ್ರೋಮೀಟರಿನ ಗೆರೆಗಳು ಕಾಣುತ್ತಿಲ್ಲ ಎಂಬುದನ್ನೂ ಹೀಗೇ ತಿಳಿದುಕೊಂಡೆ. ಅವರು ಅದನ್ನು ಬೆಳಕಿಗೆ ಹಿಡಿದು, ಆಮೇಲೆ ನನ್ನ ಕಡೆ ಚಾಚಿ, "ಎಷ್ಟೈತಿ ನೋಡವ್ವಾ, ನನ್ನ ಕೈಗೆ ಎಣ್ಣಿ ಹತ್ತೈತಿ" ಎನ್ನುತ್ತಿದ್ದರು. ಎಣ್ಣೆ ನನ್ನ ಕೈಗೂ ಇರುತ್ತಿತ್ತು. ನಾನು ಓದಿ ಮೆಲ್ಲಗೆ ಹೇಳುತ್ತಿದ್ದೆ. ಗಿರಾಕಿಗಳಿಗೆ ಗೊತ್ತಾಗಬಾರದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು. ಅಷ್ಟರಲ್ಲಿ ಲೇತಿನ ಮೇಲೆ ದಪ್ಪ ಕಾಟು ಹಾಕಲು, ಅಂದರೆ ಉಕ್ಕನ್ನು ಮೊದಲ ಸುತ್ತು ಒರಟಾಗಿ ಕೆತ್ತಲು, ನನ್ನನ್ನು ಬಿಟ್ಟಿದ್ದರು. ಕೊನೆಯ ಕಾಟು ಮಾತ್ರ ಅವರದೇ. ಅದು ಮುಗಿದ ಮೇಲೆ ಲೇತ್ ನಿಲ್ಲಿಸಿ, ಶಾಫ್ಟಿನ ದಪ್ಪ ಭಾಗವೂ ಸಣ್ಣ ಭಾಗವೂ ಕೂಡುವ ಮೂಲೆಯ ಸುತ್ತ ಹೆಬ್ಬೆರಳಿನ ಉಗುರು ಓಡಿಸುತ್ತಿದ್ದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ "ಹೂಂ" ಎಂದು ಕೆಳಗಿಳಿಸುತ್ತಿದ್ದರು.

ಆ ಉಗುರು ಏನು ಹುಡುಕುತ್ತದೆ ಎಂದು ನಾನು ಕೇಳಲಿಲ್ಲ. ಮೂಲೆಯಲ್ಲಿ ಕಸರು ಉಳಿದಿದೆಯೋ ಎಂದು ನೋಡುತ್ತಾರೆ ಅಂದುಕೊಂಡೆ. ಕಾಕಾರ ಮೂಲೆಗಳು ಯಾವಾಗಲೂ ಬಟ್ಟಲಿನ ತಳದ ಹಾಗೆ ತುಸು ದುಂಡಗಿರುತ್ತಿದ್ದವು. ಕಣ್ಣು ಕಾಣದ್ದಕ್ಕೆ ಚೌಕ ಬರುತ್ತಿಲ್ಲ, ಪಾಪ, ಎಂದು ಮನಸ್ಸಿನಲ್ಲೇ ಮರುಗಿದ್ದೆ.

ಆ ವರ್ಷ ಕಾಕಾರ ತಂಗಿಯ ಮಗ ಪ್ರತೀಕ, ಹುಕ್ಕೇರಿಯವನು, ತನ್ನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯರನ್ನು ಕಟ್ಟಿಕೊಂಡು ಬಂದ. ಅವರದೊಂದು ಕ್ಲಬ್ಬು. ಕಲ್ಲು, ದಿನ್ನೆ, ಕೆಸರಿನಲ್ಲಿ ಓಡುವ ಗಾಡಿಯನ್ನು ತಾವೇ ಕಟ್ಟಿ, ದೂರದ ಮಧ್ಯಪ್ರದೇಶದಲ್ಲಿ ನಡೆಯುವ ಸ್ಪರ್ಧೆಗೆ ಒಯ್ಯಬೇಕಿತ್ತು. ಕಾಲೇಜಿನ ಲೇತ್ ಪರೀಕ್ಷೆಗೆ ಮಾತ್ರ ತಿರುಗುತ್ತದಂತೆ. ಹಾಗಾಗಿ ಪ್ರತಿ ಶನಿವಾರ, ಭಾನುವಾರ ನಾಲ್ಕು ಜನ ನಮ್ಮಲ್ಲಿಗೆ ಬರತೊಡಗಿದರು. ಅವರಲ್ಲಿ ಒಬ್ಬಳೇ ಹುಡುಗಿ, ತೃಪ್ತಿ. ಎಲ್ಲರಿಗಿಂತ ಹಗುರ, ಎಲ್ಲರಿಗಿಂತ ಧೈರ್ಯ. ಗಾಡಿ ಓಡಿಸುವವಳು ಅವಳೇ ಎಂದು ನಿಕ್ಕಿಯಾಗಿತ್ತು.

ಪುಸ್ತಕದ ಲೆಕ್ಕವೆಲ್ಲ ಅವರಿಗೆ ಬರುತ್ತಿತ್ತು, ಕೈ ಮಾತ್ರ ಬರುತ್ತಿರಲಿಲ್ಲ. ಮೊದಲ ದಿನವೇ ಪ್ರತೀಕ ಉಕ್ಕು ಕೆತ್ತುವ ಟೂಲ್ ಒಂದರ ಹಿಂದೊಂದು ಮೂರು ಮುರಿದ.

"ಪ್ರತೀಕಾ, ಅದು ಲೇತ್ ಐತಿ, ಕಬ್ಬಿನ ಗದ್ದಿ ಅಲ್ಲ. ಹಂಗ ಕೊಯ್ಯಬ್ಯಾಡ" ಎಂದು ಕಾಕಾ ನಕ್ಕರು. "ಫಕೀರವ್ವ, ತೋರ್ಸವ್ವಾ ಇವಗ."

ನಾನು ಬಾಯಿ ಬಿಡದೆ ತೋರಿಸಿದೆ. ಎಮರಿ ಕಲ್ಲಿಗೆ ಟೂಲ್ ಹಿಡಿಯುವುದು, ಸುರುಳಿಯ ಬಣ್ಣ ನೀಲಿಗೆ ತಿರುಗಿದರೆ ಕೈ ಹಿಂದೆ ತೆಗೆಯುವುದು, ಒಂದು ಪೈಪಿನ ತುದಿ ಇನ್ನೊಂದರ ಮೈಯನ್ನು ತಬ್ಬುವಂತೆ ಅರೆಯುವುದು. ತೃಪ್ತಿ ನನ್ನ ಬಗಲಿಗೇ ನಿಂತು ನೋಡುತ್ತಿದ್ದಳು. ಬದಲಿಗೆ ಅವಳು ನನಗೆ ಡ್ರಾಯಿಂಗ್ ಓದಲು ಕಲಿಸಿದಳು.

"ಅಕ್ಕಾರ, ಈ ಗೆರಿ ಯಾಕ ತುಂಡತುಂಡ ಐತ್ರಿ?"

"ಅಕ್ಕಾರ ಅನಬ್ಯಾಡ ಮಾರಾಯ್ತಿ, ನಾ ನಿನಗಿಂತ ಎಂಟ ತಿಂಗಳ ಸಣ್ಣಾಕಿ. ಅದು ಒಳಗ ಇದ್ದದ್ದು, ಹೊರಗ ಕಾಣದ್ದು. ಅದಕ್ಕ ತುಂಡಗೆರಿ."

ಬೆಳಿಗ್ಗೆ ಲೇತ್ ಮುಟ್ಟುವ ಮೊದಲು ನಾನು ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಅದಕ್ಕೆ ಹಚ್ಚುತ್ತಿದ್ದೆ. ನಮ್ಮ ದೇವರ ಅರಿಷಿಣ ಅದು; ನಮ್ಮ ಮನೆಯವರು ಅದಿಲ್ಲದೆ ಹೊಸ್ತಿಲು ದಾಟುವುದಿಲ್ಲ. ತೃಪ್ತಿ ಅದನ್ನೂ ನೋಡಿ, ತನ್ನ ಹಣೆಗೂ ಹಚ್ಚೆಂದು ಮುಖ ಚಾಚಿದಳು. ನನ್ನ ವಯಸ್ಸಿನವಳೊಬ್ಬಳು ನನ್ನೊಡನೆ ಹಾಗೆ ಇದ್ದದ್ದು ಅದೇ ಮೊದಲು.

ಒಂದು ಶನಿವಾರ ಮುಂದಿನ ಚಕ್ರಗಳ ಸ್ಟಬ್ ಆದವು. ಸ್ಟಬ್ ಅಂದರೆ ಗೇಣುದ್ದದ ಉಕ್ಕಿನ ಗೂಟ. ಅದರ ದಪ್ಪ ತುದಿ ಗಾಡಿಗೆ ಸೇರುತ್ತದೆ. ಸಣ್ಣ ತುದಿಯ ಮೇಲೆ ಬೇರಿಂಗ್ ಕೂತು, ಅದರ ಮೇಲೆ ಚಕ್ರ ತಿರುಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಕಾಕಾ ಎರಡಕ್ಕೂ ಕೊನೆಯ ಕಾಟು ಹಾಕಿ, ಉಗುರು ಓಡಿಸಿ, "ಹೂಂ" ಎಂದರು. ಆದರೆ ಬೇರಿಂಗ್ ಹಾಕಿ ನೋಡಿದರೆ ಅದು ಮೂಲೆಯವರೆಗೆ ಹೋಗಲಿಲ್ಲ. ಮೂಲೆಯ ದುಂಡು ಅಡ್ಡಬಂದು, ಕಾಗದ ತೂರುವಷ್ಟು ಸಂದು ಉಳಿಯಿತು.

ಕಾಕಾ ಹೊರಗೆ ಬಿಸಿಲು ನೋಡಿದರು. "ಉಂಡ ಬರ್ತೀನಿ. ಇದಕ್ಕೊಂದ ಉಪಾಯ ಐತಿ, ಬಂದ ಮ್ಯಾಲ ನೋಡೂಣು" ಎಂದು ಸೈಕಲ್ ಹತ್ತಿದರು.

ಪ್ರತೀಕನಿಗೆ ತಡೆಯಲಾಗಲಿಲ್ಲ. ಬೆಳಗಾದರೆ ಗಾಡಿ ಮೊದಲ ಸಲ ಓಡಬೇಕು. "ಮೂಲಿ ಚೌಕ ತಗದ್ರ ಬೇರಿಂಗ್ ಕೂಡತೈತಿ. ಹತ್ತ ಮಿನಿಟಿನ ಕೆಲಸ. ಫಕೀರವ್ವ, ನಿನಗ ಬರತೈತಿ, ಹಾಕಿಬಿಡು."

"ಡ್ರಾಯಿಂಗ್ದಾಗ ದುಂಡ ಐತಲ್ಲೋ?" ಎಂದಳು ತೃಪ್ತಿ.

"ಅದ ಎಲ್ಲಾ ಡ್ರಾಯಿಂಗ್ದಾಗ ಹಾಕ್ತಾರ ಬಿಡ. ಬೇರಿಂಗ್ ಕೂಡಲಿಲ್ಲ ಅಂದ್ರ ಚಕ್ರ ಅಳ್ಳಾಡತೈತಿ."

ನಾನು ಕಾಕಾರ ಕಣ್ಣಿನ ಬಗ್ಗೆ ಯೋಚಿಸಿದೆ. ಅವರು ತಿರುಗಿ ಬಂದು, ಈ ಓದಿದ ಹುಡುಗರೆದುರು ಅದೇ ಮೂಲೆಯೊಂದಿಗೆ ಒದ್ದಾಡುವುದು ಬೇಡ ಅನಿಸಿತು. ಟೂಲನ್ನು ಸೂಜಿಮೊನೆಯ ಹಾಗೆ ಅರೆದು, ಉಸಿರು ಬಿಗಿಹಿಡಿದು, ಎರಡೂ ಸ್ಟಬ್‌ಗಳ ಮೂಲೆಯನ್ನು ಚೌಕ ಮಾಡಿದೆ. ಕೂದಲೆಳೆಯಷ್ಟೂ ದುಂಡು ಉಳಿಯದ ಮೂಲೆ. ಬೇರಿಂಗ್ ಟಕ್ಕೆಂದು ಕೂತಿತು. ಪ್ರತೀಕ ಚಪ್ಪಾಳೆ ತಟ್ಟಿದ. ಕಾಕಾ ಬರುವಷ್ಟರಲ್ಲಿ ಚಕ್ರಗಳು ಗಾಡಿಯಲ್ಲಿದ್ದವು.

"ಕೂತ್ವಾ? ಮೂಲಿ ಕೆಡಸಲಿಲ್ಲಲ್ಲ?" ಎಂದು ಅವರು ನನ್ನನ್ನೇ ಕೇಳಿದರು.

"ಇಲ್ರಿ ಕಾಕಾ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ.

ಮುಂದಿನ ಮೂರು ವಾರ ಬೆಲ್ಲದ ಬಾಗೇವಾಡಿ ಹತ್ತಿರದ ಗರಸಿನ ಖಣಿಯಲ್ಲಿ ಗಾಡಿ ಓಡಿತು. ಪ್ರತೀಕನ ಚಿಕ್ಕಪ್ಪನ ಜಾಗ ಅದು. ತೃಪ್ತಿ ದಿನ್ನೆಗಳ ಮೇಲಿಂದ ಹಾರಿಸಿ ಬಂದು, ಮೈತುಂಬ ಕೆಂಪು ಧೂಳು ಹೊತ್ತು, "ನೀ ಕೂಡಿಸಿದ ಚಕ್ರದ ಮ್ಯಾಲ ಹಾರಾಕತ್ತೇನಿ ನೋಡ ಫಕೀ" ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಮೂಡಲಗಿಯ ಉದ್ದಪ್ಪ ಬೆಲ್ಲದ ಗಾಣದ ಮುರಿದ ಶಾಫ್ಟ್ ತಂದ. ಬಾಯಿ ಬಿಟ್ಟರೆ ನಿಲ್ಲಿಸದ ಮನುಷ್ಯ. ಅಂದು ಮುಖ ಬಿಳಿಚಿತ್ತು.

"ಕಾಕಾ, ಕಬ್ಬ ಹಾಕಾಕತ್ತಿದ್ನಿ. ಢಂ ಅಂತು. ಕಬ್ಬ ಅರಿಯೂ ರೂಲರ್ ಹಾರಿ ನನ್ನ ಕಿವಿ ಬಾಜೂಕ ಹೋತು. ಇನ್ನ ನಾಕ ಬಟ್ಟ ಈ ಕಡೆ ಬಂದಿದ್ರ ನನ್ನ ಹೆಂಡ್ತಿ ಇವತ್ತ ಕುಂಕುಮ ಒರಸ್ಕೋತಿದ್ಲು. ನಿಮ್ಮಲ್ಲಿ ಮಾಡ್ಸಿದ್ದಲ್ರಿ ಇದು. ಬ್ಯಾರೆ ಕಡೆ ಲಗೂ ಕೊಡ್ತೀನಿ ಅಂದ್ರು, ಹೋದ್ನಿ."

ಕಾಕಾ ಮುರಿದ ಮುಖದ ಮೇಲೆ ಬೆರಳಾಡಿಸಿದರು. "ಇದು ಇವತ್ತ ಮುರದದ್ದಲ್ಲ ಉದ್ದಪ್ಪ. ಕೈ ಹಚ್ಚಿ ನೋಡು. ಇಲ್ಲಿ ನುಣ್ಣಗ ಐತಿ, ಇದು ಹಳೇ ಬಿರುಕು. ದಿನಾ ಇಷ್ಟಿಷ್ಟ ಒಳಗ ಹೊಕ್ಕೋಂತ ಬಂದೈತಿ. ಈ ಖರಖರ ಅನ್ನೂದ ಅಷ್ಟ ಇವತ್ತಿಂದು." ಅವರ ಹೆಬ್ಬೆರಳು ಅಂಚಿಗೆ ಬಂದು ನಿಂತಿತು. "ಎಲ್ಲಿಂದ ಹೊಕ್ಕೈತಿ ನೋಡು. ಮೂಲ್ಯಾಗಿಂದ. ಚೌಕ ಮೂಲಿ ಮಾಡಿ ಕೊಟ್ಟಾನ ಪುಣ್ಯಾತ್ಮ. ನಿನ್ನ ಅಂಗಿ ಕಿಸೆ ಮೊದಲ ಎಲ್ಲಿ ಹರೀತೈತಿ? ಮೂಲ್ಯಾಗ. ಕಬ್ಣಾನೂ ಹಂಗ. ದುಂಡ ಇದ್ರ ಭಾರ ಹಂಚಿಕೊಂಡ ಹೋಗತೈತಿ. ಅದಕ್ಕ ನಾ ಉಗುರ ಹಾಕಿ ನೋಡೂದು. ಉಗುರಿಗೆ ಜಾಗಾ ಸಿಕ್ರ ಬಿರುಕಿಗೂ ಸಿಕ್ಕಂಗ."

ನನ್ನ ಕೈಯಲ್ಲಿದ್ದ ಕಸಬರಿಗೆ ನೆಲಕ್ಕೆ ಬಿತ್ತು.

"ಆ ಕಡೆ ತುದಿ ಇನ್ನೂ ಮುರದಿಲ್ಲ. ಆದ್ರ ಅದೂ ಹೋಗೇತಿ ಅನ್ನು" ಎಂದು ಕಾಕಾ ನನಗೆ ಸೀಮೆಎಣ್ಣೆ ತರಲು ಹೇಳಿದರು. ಶಾಫ್ಟಿನ ಇನ್ನೊಂದು ಮೂಲೆಗೆ ಅದನ್ನು ಹಚ್ಚಿ, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು, ಅರಿವೆಯಿಂದ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿಸಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ಮೇಲೆ ಒಂದು ಒದ್ದೆ ಗೆರೆ ತಾನಾಗಿ ಮೂಡಿತು. ಒಳಗೆ ಅವಿತಿದ್ದ ಎಣ್ಣೆ ಬಿರುಕಿನಿಂದ ಹೊರಗೆ ಬರುತ್ತಿತ್ತು.

ಒಳಗ ಇದ್ದದ್ದು, ಹೊರಗ ಕಾಣದ್ದು, ಎಂದಿದ್ದಳು ತೃಪ್ತಿ.

ಅಂದು ಮಧ್ಯಾಹ್ನ ಖಣಿಯ ಅತಿ ಎತ್ತರದ ದಿನ್ನೆಯಿಂದ ತೃಪ್ತಿ ಗಾಡಿ ಹಾರಿಸುವುದಿತ್ತು. ಸ್ಪರ್ಧೆಯವರಿಗೆ ಕಳಿಸಲು ಅದರ ವಿಡಿಯೋ ತೆಗೆಯುವವರಿದ್ದರು.

ಕಾಕಾರಿಗೆ ಅಲ್ಲಿಯೇ ಹೇಳಬೇಕಿತ್ತು. ಅವರು ಎರಡು ಹೆಜ್ಜೆ ದೂರದಲ್ಲಿದ್ದರು. ಅವರು ದುಂಡಗೆ ಮಾಡಿದ್ದನ್ನು ನಾನು ಕೆಡಿಸಿದೆ, ಕೇಳಿದಾಗ ಇಲ್ಲ ಎಂದೆ. ಇನ್ನು ಲೇತ್ ಮುಟ್ಟಲು ಬಿಡುತ್ತಾರೆಯೇ? "ಹೊಟ್ಟಿ ನೋಯಾಕತ್ತೈತ್ರಿ ಕಾಕಾ, ಮನಿಗೆ ಹೋಗ್ತೀನ್ರಿ" ಎಂದಷ್ಟೇ ಹೊರಬಂತು.

"ಈಗ ಹೋಗ್ತೀ? ಉದ್ದಪ್ಪನ ಶಾಫ್ಟಿನ ಅಳತಿ..." ಎಂದವರು ಉದ್ದಪ್ಪನತ್ತ ತಿರುಗಿ ಮಾತು ನುಂಗಿದರು.

ನಾನು ನಿಲ್ಲಲಿಲ್ಲ. ಬಾಜೂ ಅಂಗಡಿಯ ಒಂದು ರೂಪಾಯಿ ಫೋನಿನಿಂದ ಪ್ರತೀಕನ ನಂಬರ್ ಒತ್ತಿದೆ. ಎತ್ತಿದ.

"ಹಲೋ? ಯಾರ್ರಿ? ಹಲೋ?"

ಹಿಂದೆ ಗಾಡಿಯ ಎಂಜಿನ್ ಗುರುಗುಡುತ್ತಿತ್ತು. ನನ್ನ ಬಾಯಿ ತೆರೆದಿತ್ತು, ಮಾತಿಲ್ಲ.

"ಲೇ, ಯಾರೋ ಬರೇ ಉಸುರ ಬಿಡಾಕತ್ತಾರ. ದೆವ್ವ ಫೋನ್ ಹಚ್ಚೈತಿ ನೋಡ್ರಲೇ." ಯಾರೋ ನಕ್ಕರು. ಫೋನು ಕಟ್ಟಾಯಿತು. ಮತ್ತೆ ಒತ್ತಿದೆ, ಹತ್ತಲಿಲ್ಲ. ಮತ್ತೆ ಒತ್ತಿದೆ.

ಘಟಪ್ರಭಾಕ್ಕೆ ಒಂದು ಬಸ್ಸು, ಅಲ್ಲಿಂದ ಹುಕ್ಕೇರಿಯ ಇನ್ನೊಂದು. ಎರಡನೆಯದು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಎತ್ತಿನ ಹಾಗೆ ನಡೆಯಿತು. ಕಿಟಕಿಯ ಸರಳಿನ ಮೂಲೆಗೆ ಉಗುರು ಹಾಕುತ್ತಿದ್ದೆ. ಮುಂದಿನ ಸೀಟಿನ ಕಬ್ಬಿಣದ ಮೂಲೆಗೂ. ಎಲ್ಲ ಕಡೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಗುಂಡಿಗೆ ಬಸ್ಸು ಎಗರಿದಾಗ, ಆ ಸ್ಟಬ್ಬಿನೊಳಗೆ ಬಿರುಕು ಇನ್ನೊಂದು ಕೂದಲಷ್ಟು ಹೊಕ್ಕಿತು ಅನಿಸುತ್ತಿತ್ತು. ಮೂರು ವಾರ ಹಾರಿದ್ದಾಳೆ. ಎಷ್ಟು ಸಲ ಹಾರಿದ್ದಾಳೆ? ಮುಂದಿನ ಚಕ್ರ ಕಳಚಿದರೆ ಗಾಡಿ ಮೂಗು ಊರಿ ಮಗುಚುತ್ತದೆ. ಖಣಿಯ ಆ ಬದಿಗೆ ಎರಡಾಳು ಆಳದ ಕಲ್ಲಿನ ಹೊಂಡವಿದೆ ಎಂದು ತೃಪ್ತಿಯೇ ಒಮ್ಮೆ ನಗುತ್ತ ಹೇಳಿದ್ದಳು.

ಬಾಗೇವಾಡಿಯಲ್ಲಿ ಇಳಿದು ಓಡಿದೆ. ಖಣಿಯ ಬಾಯಿಗೆ ಬಂದಾಗ ಗಾಡಿ ದಿನ್ನೆಯ ಕಡೆ ಮುಖ ಮಾಡಿ ನಿಂತಿತ್ತು. ಒಳಗೆ ತೃಪ್ತಿಯ ಕೆಂಪು ಹೆಲ್ಮೆಟ್. ಪ್ರತೀಕ ಕೈ ಎತ್ತಿದ್ದ; ಇಳಿಸಿದರೆ ಅವಳು ಹೊರಡುತ್ತಾಳೆ. ಕೂಗಬೇಕೆಂದೆ. "ಅಕ್ಕಾರ" ಎಂಬುದು ಗಂಟಲಲ್ಲೇ ಸತ್ತಿತು.

ಅವನ ಕೈ ಇಳಿಯಿತು.

ಆಗ ನನ್ನ ಗಂಟಲಿನಿಂದ ಬಂದದ್ದು ಮಾತಲ್ಲ. ಹಿಂಡು ಬೆದರಿ ಹಳ್ಳದ ಕಡೆ ನುಗ್ಗಿದಾಗ ಅಪ್ಪ ಹಾಕುತ್ತಿದ್ದ ಕೂಗು, ನಾಲಿಗೆ ತಿರುವಿ ಹೊಟ್ಟೆಯಿಂದ ಹಾಕುವ "ತ್ರ್ರ್ರ್ರೋ!" ಹುಡುಗರು ಬೆಚ್ಚಿ ತಿರುಗಿದರು. ಎಂಜಿನಿನ ಸದ್ದಿನಲ್ಲಿ ತೃಪ್ತಿಗೆ ಕೇಳಲಿಲ್ಲ. ನಾನು ಓಡಿ ಗಾಡಿಯ ದಾರಿಯಲ್ಲಿ, ಹಿಂಡಿನ ಮುಂದೆ ನಿಲ್ಲುವ ಹಾಗೆ ಎರಡೂ ಕೈ ಚಾಚಿ ನಿಂತೆ. ಕಣ್ಣು ಮುಚ್ಚಿದ್ದೆ. ಗರಸು ಕಿತ್ತು ನನ್ನ ಕಾಲಿಗೆ ರಪರಪ ಬಡಿಯಿತು. ಎಂಜಿನ್ ಬಂದಾಯಿತು.

"ಏ ಹುಚ್ಚಿ! ಸಾಯಾಕ ಬಂದೀಯೇನ?" ತೃಪ್ತಿ ಒಳಗಿನಿಂದಲೇ ಕೂಗಿದಳು. ಗಾಡಿಯ ಮುಂದಿನ ಪೈಪು ನನ್ನ ಮೊಣಕಾಲಿನಿಂದ ಒಂದು ಮಾರು ದೂರದಲ್ಲಿತ್ತು.

"ಮೂಲಿ" ಎಂದೆ. "ಅಕ್ಕಾರ, ಮೂಲಿ. ಚೌಕ ಮಾಡಬಾರದಿತ್ರಿ. ಬಿರುಕ ಬಿಡತೈತ್ರಿ."

ಪ್ರತೀಕ ಓಡಿಬಂದ. "ಏನ್ ಬಿರುಕು? ಆ ಸ್ಟಬ್ಬು ಬೇಕಾದ್ದಕ್ಕಿಂತ ಮೂರ ಪಟ್ಟ ಗಟ್ಟಿ ಐತಿ. ನಾನ ಲೆಕ್ಕಾ ಮಾಡೇನಿ. ಬಿಸಿಲ ಇಳಿಯಾಕತ್ತೈತಿ ಫಕೀರವ್ವ, ವಿಡಿಯೋ ಆಗಲಿ, ಆಮ್ಯಾಲ ನೋಡೂಣು."

ತೃಪ್ತಿ ಬೆಲ್ಟ್ ಬಿಚ್ಚಿ ಕೆಳಗಿಳಿದಳು. "ಲೆಕ್ಕಾ ನಿಂದು. ಒಳಗ ಕುಂಡ್ರಾಕಿ ನಾನು. ಚಕ್ರ ಬಿಚ್ಚು."

ಎಡಗಡೆಯದನ್ನು ಮೊದಲು ಬಿಚ್ಚಿದರು. ಬೇರಿಂಗ್ ತೊಳೆಯಲು ತಂದಿದ್ದ ಸೀಮೆಎಣ್ಣೆಯನ್ನು ಮೂಲೆಯ ಸುತ್ತ ಹಚ್ಚಿದೆ. ಕಾದೆ. ಒರೆಸಿದೆ. ಸೀಮೆಸುಣ್ಣ ಅಲ್ಲೆಲ್ಲಿ ಸಿಗಬೇಕು? ಸೊಂಟದ ಚೀಲ ಬಿಚ್ಚಿ ಭಂಡಾರ ತಿಕ್ಕಿದೆ. ಐದೂ ಜನ ಬಗ್ಗಿ ನೋಡಿದೆವು. ಹಳದಿ ಹಳದಿಯಾಗಿಯೇ ಉಳಿಯಿತು.

"ಅರಿಷಿಣ ಹಚ್ಚಿದ್ದಾತು. ಇನ್ನ ಅಕ್ಕಿಕಾಳ ಹಾಕಿದ್ರ ಲಗ್ನಾನೂ ಆದಂಗ" ಎಂದ ಒಬ್ಬ ಹುಡುಗ. ಉಳಿದವರು ನಕ್ಕರು. ಪ್ರತೀಕ ನಗಲಿಲ್ಲ, ಆದರೆ ಗಡಿಯಾರ ನೋಡಿಕೊಂಡ. "ಆತಲ್ಲ ಫಕೀರವ್ವ? ಏನೂ ಇಲ್ಲ. ಚಕ್ರ ಹಾಕ್ರಲೇ."

ಹೂಂ ಎಂದುಬಿಡುವ ಆಸೆಯಾಯಿತು. ಏನೂ ಇಲ್ಲದಿದ್ದರೆ ಎಷ್ಟು ಚೆಂದ. ಬಸ್ಸು ಹತ್ತಿ ಹೋಗಬಹುದು, ಕಾಕಾರಿಗೆ ಏನೂ ಹೇಳಬೇಕಿಲ್ಲ. ಹುಡುಗರು ಆಗಲೇ ಚಕ್ರ ಎತ್ತಿದ್ದರು.

"ಆ ಕಡೆದೂ" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ತೃಪ್ತಿ ಮಾತ್ರ ನನ್ನ ತುಟಿ ನೋಡುತ್ತಿದ್ದಳು. ಅವಳೇ ಚಕ್ರ ಬಿಚ್ಚುವ ಪಾನಾ ತೆಗೆದುಕೊಂಡು ಬಲಗಡೆಗೆ ನಡೆದಳು.

ಮತ್ತೆ ಎಣ್ಣೆ, ಮತ್ತೆ ಕಾಯುವುದು, ಮತ್ತೆ ಅರಿವೆ. ಮತ್ತೆ ಭಂಡಾರ. ಹಳದಿಯೊಳಗೆ, ಸರಿಯಾಗಿ ಮೂಲೆಯ ಉದ್ದಕ್ಕೆ, ಒಂದು ಕಪ್ಪು ಕೂದಲು ಮೂಡಿತು. ಪ್ರತೀಕ ಅದನ್ನು ಬೆರಳಿನಿಂದ ಒರೆಸಿದ. ಮತ್ತೆ ಮೂಡಿತು. ಸುತ್ತಿನ ಅರ್ಧಕ್ಕಿಂತ ಹೆಚ್ಚು ಹೋಗಿತ್ತು.

ಸ್ಟಬ್ಬಿನ ತುದಿಗೆ ಅವನೇ ದೊಡ್ಡ ಸುತ್ತಿಗೆಯಿಂದ ಹೊಡೆದ. ಎರಡು ಏಟು ತಡೆಯಿತು. ಮೂರನೆಯದಕ್ಕೆ, ಜೋರು ಸದ್ದೂ ಇಲ್ಲದೆ, ತುಂಡಾಗಿ ಗರಸಿನಲ್ಲಿ ಬಿತ್ತು. ಮುರಿದ ಮುಖದಲ್ಲಿ ಕರಿಯ ನುಣುಪು ಭಾಗವೇ ಹೆಚ್ಚಿತ್ತು. ಹೊಳೆಯುವ ಹೊಸ ಮುರಿತ ಉಗುರಿನ ಚಂದ್ರನಷ್ಟು.

ತೃಪ್ತಿ ಅದನ್ನು ಎತ್ತಿಕೊಂಡು ನೆಲದ ಮೇಲೆ ಕೂತಳು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡಿದಳು. ಬೆರಳುಗಳು ಮಾತು ಕೇಳಲಿಲ್ಲ. ನಾನು ಬಿಚ್ಚಿಕೊಟ್ಟೆ.

ಗೋಕಾಕಕ್ಕೆ ಟೆಂಪೋದಲ್ಲಿ ಬರುವಾಗ ಪ್ರತೀಕ ನನ್ನ ಪಕ್ಕ ಕೂತ. "ಮಾಮಾಗ ನಾ ಹೇಳ್ತೀನಿ, ನಾನ ಕಟ್ ಮಾಡೇನಿ ಅಂತ. ಹೇಳಿದಾಂವ ನಾನ ಅಲ್ಲ? ನೀ ಸುಮ್ನಿರು." ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಯಾವಾಗಲೂ ಸುಲಭ.

ನಾವು ಹೋದಾಗ ಹೊತ್ತು ಇಳಿಯುತ್ತಿತ್ತು. ಉದ್ದಪ್ಪ ಇನ್ನೂ ಸ್ಟೂಲಿನ ಮೇಲೆ ಕೂತಿದ್ದ. ಅವನ ಹೊಸ ಶಾಫ್ಟ್ ಅರ್ಧಕ್ಕೆ ಕೆತ್ತಿದ ಹಾಗೇ ಲೇತಿನಲ್ಲಿ ನಿಂತಿತ್ತು. ಮೈಕ್ರೋಮೀಟರ್ ಅದರ ಪಕ್ಕದಲ್ಲಿತ್ತು. ಬೆಳಿಗ್ಗೆಯಿಂದ ಅಳತೆ ಓದುವವರಿಲ್ಲದೆ ಕಾಕಾ ಏನೇನು ನೆಪ ಹೇಳಿದ್ದರೋ.

ಪ್ರತೀಕ ನಡೆದದ್ದೆಲ್ಲ ಹೇಳಿ, ತುಂಡನ್ನು ಅವರ ಕೈಗಿಟ್ಟು, "ಮೂಲಿ ನಾ ಚೌಕ ಮಾಡಿದ್ನಿ ಮಾಮಾ. ತಪ್ಪಾತು" ಎಂದ.

ಕಾಕಾ ಉಗುರು ಹಾಕಿದರು. ಉಗುರು ಸಿಕ್ಕಿತು. ತುಂಡನ್ನು ತಿರುಗಿಸುತ್ತ ಮೂಲೆಯ ಉದ್ದಕ್ಕೂ ಓಡಿಸಿದರು. ನನಗೆ ಅದು ನನ್ನ ಬೆನ್ನಿನ ಮೇಲೆ ಓಡಿದ ಹಾಗಾಯಿತು.

"ಇದು ನಿಂದಲ್ಲ" ಎಂದರು. "ನಿನ್ನ ಕಾಟು ನಡಗತೈತಿ, ಮೂರ ಕಡೆ ಮೆಟ್ಟಲ ಬೀಳತಾವ. ಇಷ್ಟ ಸಾಫ ಮೂಲಿ ತಗಿಯಾಕ ನಿನಗ ಇನ್ನ ಐದ ವರ್ಷ ಬೇಕ."

ಅವರು ನನ್ನ ಕಡೆ ತಿರುಗಲೂ ಇಲ್ಲ. ತುಂಡನ್ನು ಹಿಡಿದು ಕಾಯುತ್ತಿದ್ದರು.

"ನಂದ್ರಿ ಕಾಕಾ" ಎಂದೆ.

"ಕೇಳಿದಾಗ ಇಲ್ಲ ಅಂದಿ."

"ಕೆಡಸೇನಿ ಅಂತ ಗೊತ್ತಿರಲಿಲ್ರಿ. ನಿಮ್ಮ ಮೂಲಿ ದುಂಡ ಬರೂದು... ನಿಮಗ ಕಣ್ಣ ಕಾಣೂದಿಲ್ಲಲ್ರಿ, ಅದಕ್ಕ ಅಂತ ತಿಳ್ಕೊಂಡಿದ್ನಿ. ಚಂದ ಮಾಡೂಣು ಅಂತ ಮಾಡಿದ್ನಿ."

ಹೇಳಿದ ಮೇಲೆ ಉದ್ದಪ್ಪ ಅಲ್ಲಿ ಕೂತಿದ್ದು ನೆನಪಾಯಿತು. ಅವನು ಸ್ಟೂಲಿನಿಂದ ಎದ್ದಿದ್ದ. ನಾಲ್ಕು ವರ್ಷ ಮುಚ್ಚಿಟ್ಟಿದ್ದನ್ನು ಒಂದು ಮಾತಿನಲ್ಲಿ ಹೊರಗೆ ಹಾಕಿದ್ದೆ. ಮೂಡಲಗಿಯ ಗಾಣಗಳಿಗೆಲ್ಲ ನಾಳೆ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ.

"ಕಣ್ಣ ಕಾಣೂದಿಲ್ಲಾ?" ಎಂದ ಉದ್ದಪ್ಪ. "ಮತ್ತ ನಮ್ಮ ಅಳತಿ ಎಲ್ಲಾ ಯಾರ ನೋಡಾಕತ್ತಿದ್ರು ಕಾಕಾ?"

"ಈಕಿ. ನಾಕ ವರ್ಷ ಆತು" ಎಂದರು ಕಾಕಾ.

ಉದ್ದಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಅದಕ್ಕ ಅನ್ರಿ! ಈಗೀಗ ಶಾಫ್ಟಿಗೆ ನಿಮ್ಮ ಬುಶ್ಶು ಹೇಳಿ ಮಾಡ್ಸಿದಂಗ ಕೂಡಾಕತ್ತಿದ್ವು. ಮೊದ್ಲ ಸುತ್ತಗಿ ತಗೊಂಡ ಬಡೀಬೇಕಾಗತಿತ್ತು." ಹಾಗೆಂದು ಮತ್ತೆ ಕೂತ. ಆದರೆ ತನ್ನ ಹೊಸ ಶಾಫ್ಟನ್ನು ಒಮ್ಮೆ ಕದ್ದು ನೋಡಿದ್ದು ನನಗೆ ಕಂಡಿತು. ಆ ನೋಟ ಕಾಕಾರಿಗೆ ಕಾಣಲಿಲ್ಲ.

ಹೊರಗೆ ಬಿಸಿಲು ಗೋಡೆಯ ತುದಿಗೆ ಏರಿತ್ತು. "ಮಾಮಾ, ಊಟದ ಹೊತ್ತಾತು" ಎಂದ ಪ್ರತೀಕ.

"ಇವತ್ತ ಊಟಾ ಇಲ್ಲ." ಕಾಕಾ ಬಾಗಿಲ ಕಡೆ ನೋಡಲೂ ಇಲ್ಲ. "ಫಕೀರವ್ವ, ಟೂಲ್ ಅರಿ. ಮೊನಿ ದುಂಡ ಇರಲಿ. ಇವ್ರೂ ನೋಡ್ಲಿ."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹೆದರಿಕೆ ಎಲ್ಲಿಯಾದರೂ ಮುಗಿಯುತ್ತಿತ್ತೋ ಏನೋ. ಉದ್ದಪ್ಪನ ಶಾಫ್ಟ್ ಇಳಿಸಿ, ಲೇತಿಗೆ ಹೊಸ ಉಕ್ಕು ಕಟ್ಟಿದೆ. ದಪ್ಪ ಕಾಟು ಹಾಕಿದೆ. ಕೊನೆಯ ಕಾಟಿಗೆ ಸರಿದು ನಿಂತು ಹಿಡಿಕೆ ಬಿಟ್ಟೆ. ಅವರು ಮುಂದೆ ಬರಲಿಲ್ಲ. "ಹಾಕು" ಎಂದರು. ಹಾಕಿದೆ. ಮೂಲೆ ದುಂಡಗೆ ಬಂತು. ಬೇರಿಂಗ್ ಕೂರದಿರುವುದಕ್ಕೆ ಅವರ ಉಪಾಯ ಇಷ್ಟೇ ಇತ್ತು: ಒಳಗಿನ ಅಂಚನ್ನು ಓರೆಯಾಗಿ ಅರೆದ ಒಂದು ದಪ್ಪ ವಾಶರನ್ನು ಮೂಲೆಗೂ ಬೇರಿಂಗಿಗೂ ನಡುವೆ ಹಾಕುವುದು. ದುಂಡೂ ಉಳಿಯುತ್ತದೆ, ಬೇರಿಂಗೂ ಕೂರುತ್ತದೆ. ಅಂದು ಮುಕ್ಕಾಲು ಗಂಟೆ ಕಾದಿದ್ದರೆ ಸಾಕಿತ್ತು.

ಎರಡೂ ಸ್ಟಬ್ ಮುಗಿದಾಗ ಲೇತ್ ನಿಲ್ಲಿಸಿ, ಅವುಗಳನ್ನು ಕಾಕಾರ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಉಗುರ ನೀನ ಹಾಕು."

"ನೀವ್ ಒಮ್ಮೆ ನೋಡ್ರಿ ಕಾಕಾ."

"ನಾ ನೋಡೂದಿಲ್ಲ. ಇನ್ನ ಮುಂದ ನಿನ್ನ ಕೆಲಸಕ್ಕ ನನ್ನ ಉಗುರ ಇಲ್ಲ."

ಹಾಕಿದೆ. ಸಿಗಲಿಲ್ಲ. ಇನ್ನೊಮ್ಮೆ ಹಾಕಿದೆ. ಸಿಗಲಿಲ್ಲ. ನನ್ನ ಹಿಂದೆ ಇನ್ನು ಯಾರ ಉಗುರೂ ಇಲ್ಲ ಎಂಬುದು ನಿಧಾನವಾಗಿ ಮೈಗೆ ಇಳಿಯಿತು. ಬಸ್ಸಿನಲ್ಲಿ ಆದ ಹೆದರಿಕೆಗಿಂತ ಇದು ಬೇರೆಯಾಗಿತ್ತು. ಅದು ಓಡಿಸಿತ್ತು, ಇದು ನಿಲ್ಲಿಸಿತು.

ಮುಂದಿನ ಭಾನುವಾರ ಖಣಿಗೆ ನನ್ನನ್ನೂ ಕರೆದೊಯ್ದರು. ತೃಪ್ತಿ ಗಾಡಿಯಲ್ಲಿ ಕೂತಳು, ಆದರೆ ಬೆಲ್ಟ್ ಹಾಕಿಕೊಳ್ಳಲಿಲ್ಲ. ಪ್ರತೀಕ ಕೈ ಎತ್ತಿ ಕಾಯುತ್ತಿದ್ದ. ಅವಳು ಅವನನ್ನು ನೋಡದೆ ನನ್ನನ್ನು ನೋಡಿದಳು. ಹೋದ ವಾರದಿಂದ ಅವಳ ಕಣ್ಣಿನಲ್ಲೂ ನನ್ನದೇ ಹೆದರಿಕೆ ಇತ್ತು.

"ಹೋಗಲೇನ ಫಕೀ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬೆಳಿಗ್ಗೆ ಏಳು ಸಲ ಉಗುರು ಹಾಕಿದ್ದೆ. ಎಂಟನೆಯ ಸಲ ಹಾಕಲು ಈಗ ಆಗುವುದಿಲ್ಲ, ಚಕ್ರಗಳು ಕೂತಾಗಿದ್ದವು.

"ಹೋಗ್ರಿ" ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ, "ಹೋಗ್ರಿ ಅಕ್ಕಾರ."

ಅವಳು ಬೆಲ್ಟ್ ಬಿಗಿದಳು. ಗಾಡಿ ದಿನ್ನೆ ಏರಿ, ತುದಿಯಲ್ಲಿ ನಾಲ್ಕೂ ಚಕ್ರ ನೆಲ ಬಿಟ್ಟು, ಆ ಕಡೆ ಕಾಣದಾಯಿತು. ಬಿದ್ದ ಸದ್ದು ಬಂತು. ಆಮೇಲೆ ಧೂಳು. ನಾನು ಹೆಬ್ಬೆರಳಿನ ಉಗುರನ್ನು ಕಚ್ಚಿ ಹಿಡಿದು, ಎಂಜಿನಿನ ಸದ್ದು ಕೇಳುವುದನ್ನೇ ಕಾಯುತ್ತ ನಿಂತೆ. ಬಹಳ ಹೊತ್ತಾಯಿತು ಅನಿಸಿತು. ಆಮೇಲೆ, ದಿನ್ನೆಯ ಆ ಬದಿಯಿಂದ, ಅದು ತಿರುಗಿ ಏರುತ್ತಿರುವುದು ಕೇಳಿಸಿತು.